ಪೊರೆ ಕೂತರೆ ದನಿ: ಶಾಂಘೈಯಲ್ಲಿ ಕೊಂಡ ಚೀನೀ ಬಿದಿರ ಕೊಳಲಿನ ವಿಮರ್ಶೆ

ದೀಜಿ ಎಂದು ಕರೆಯುವ ಚೀನೀ ಅಡ್ಡಕೊಳಲನ್ನು ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಬಿದಿರಿನ ಬಣ್ಣದ ಮೇಲೆ, ಮೈಗೆ ಸುತ್ತಿದ ದಾರದ ಪಟ್ಟಿಗಳ ಮೇಲೆ, ಎರಡೂ ತುದಿಗಳಿಗೆ ಕೂರಿಸಿದ ಕೊಂಬಿನ ಬಳೆಗಳ ಮೇಲೆ ಮತ್ತು ತಲೆಯ ಭಾಗದಲ್ಲಿ ಕೊರೆದು ಹಸಿರು ತುಂಬಿದ ಕವಿತೆಯ ಸಾಲುಗಳ ಮೇಲೆ. ಬಿದಿರೊಂದನ್ನು ಬಿಟ್ಟರೆ ಇವುಗಳಲ್ಲಿ ಯಾವುದಕ್ಕೂ ದನಿಯೊಂದಿಗೆ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಊದುವ ರಂಧ್ರಕ್ಕೂ ಮೊದಲನೆಯ ಬೆರಳಿನ ರಂಧ್ರಕ್ಕೂ ನಡುವೆ ಇನ್ನೊಂದು ಚಿಕ್ಕ ರಂಧ್ರವಿರುತ್ತದೆ. ಅದರ ಮೇಲೆ ಜೊಂಡಿನ ಒಳಗಿನಿಂದ ತೆಗೆದ ಪೊರೆಯನ್ನು ಅಂಟಿಸಬೇಕು. ಈ ವಾದ್ಯ ನಮ್ಮ ಕೊಳಲಿನಂತೆ ಕೇಳದೆ ದೀಜಿಯಂತೆ ಕೇಳುವುದಕ್ಕೆ ಕಾರಣ ಆ ಪೊರೆ. ಅಂಗಡಿಯವರು ಮಾರುವುದು ಬಿದಿರನ್ನು ಮಾತ್ರ, ಪೊರೆಯನ್ನು ಕೂರಿಸುವ ಹೊಣೆ ಕೊಂಡವರದೇ ಆಗಿರುತ್ತದೆ. ಆದುದರಿಂದ ಈ ಬರಹದ ಹೆಚ್ಚಿನ ಪಾಲು ಕೊಳಲಿಗಿಂತ ಪೊರೆಗೇ ಸಲ್ಲುತ್ತದೆ.

ವಿಮರ್ಶೆಗೆ ಎತ್ತಿಕೊಂಡಿರುವುದು ಶಾಂಘೈ ನಗರದ ಫೆನ್‌ಯಾಂಗ್ ರಸ್ತೆಯಲ್ಲಿ, ಶಾಂಘೈ ಸಂಗೀತ ವಿದ್ಯಾಲಯದ ಆಸುಪಾಸಿನ ವಾದ್ಯದಂಗಡಿಯೊಂದರಲ್ಲಿ ಕೊಂಡ ಡಿ ಶ್ರುತಿಯ ದೀಜಿ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಬಿಳಿ ಎರಡು. ಬೆಲೆ ಐದುನೂರು ಯುವಾನ್‌ಗೆ ಸ್ವಲ್ಪ ಕಡಿಮೆ, ಎಂದರೆ ನಮ್ಮ ಹಣದಲ್ಲಿ ಆರು ಸಾವಿರ ರೂಪಾಯಿಯ ಆಸುಪಾಸು. ಅದೇ ಅಂಗಡಿಯಲ್ಲಿ ನೂರು ಯುವಾನ್‌ಗೂ ಕಡಿಮೆ ಬೆಲೆಯ ಕೊಳಲುಗಳಿದ್ದವು, ಗಾಜಿನ ಕಪಾಟಿನಲ್ಲಿ ಕೆಲವು ಸಾವಿರ ಯುವಾನ್ ಬೆಲೆಯವೂ ಇದ್ದವು. ನಾನು ಆರಿಸಿದ್ದು ನಡುವಿನ ದರ್ಜೆಯದು, ಕಹಿಬಿದಿರಿನಲ್ಲಿ ಮಾಡಿದ್ದು. ಝೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರಕ್ಕೆ ಸೇರಿದ ಯೂಹಾಂಗ್ ಜಿಲ್ಲೆಯ ಝೋಂಗ್‌ತೈ ಎಂಬ ಕಡೆ ಈ ಬಿದಿರು ಬೆಳೆಯುತ್ತದೆ, ಚೀನಾದಲ್ಲಿ ಮಾರಾಟವಾಗುವ ಕೊಳಲುಗಳ ದೊಡ್ಡ ಪಾಲು ಅಲ್ಲಿಯ ಕಾರ್ಯಾಗಾರಗಳಿಂದಲೇ ಬರುತ್ತದೆ. ಚಳಿಗಾಲದಲ್ಲಿ ಕಡಿದ ಬಿದಿರನ್ನು ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಿ, ಕೆಂಡದ ಕಾವಿನಲ್ಲಿ ಹಿಡಿದು ಡೊಂಕು ತಿದ್ದಿ, ಆಮೇಲೆ ರಂಧ್ರ ಕೊರೆಯುತ್ತಾರೆ. ಇದಕ್ಕೆ ಪರ್ಯಾಯವಾಗಿ ಸಿಗುವುದು ಕಂದು ಮಚ್ಚೆಗಳ ನೇರಳೆ ಬಿದಿರು. ನೋಡಲು ಅದು ಹೆಚ್ಚು ಚೆಂದ, ದನಿಯೂ ಸ್ವಲ್ಪ ಮೆತ್ತಗಿರುತ್ತದೆ; ಆದರೆ ದೀಜಿಯಿಂದ ನಿರೀಕ್ಷಿಸುವ ಹೊಳಪು ಕಹಿಬಿದಿರಿನಲ್ಲೇ ಸಲೀಸಾಗಿ ಒದಗುತ್ತದೆಂಬುದು ಎರಡನ್ನೂ ಅಕ್ಕಪಕ್ಕ ಊದಿ ನೋಡಿದ ಮೇಲೆ ನನಗೂ ನಿಜವೆನಿಸಿತು.

ಕೊಳಲಿನ ಒಟ್ಟು ಉದ್ದ ಸುಮಾರು ಎರಡು ಅಡಿ. ಹೊಸದಾಗಿ ನೋಡುವವರಿಗೆ ಇಷ್ಟು ಉದ್ದದ ಕೊಳಲು ಇನ್ನೂ ಕೆಳಗಿನ ಶ್ರುತಿಯಲ್ಲಿ ನುಡಿಯಬೇಕಲ್ಲವೇ ಎಂಬ ಸಂಶಯ ಬರುತ್ತದೆ. ಬೆರಳಿನ ಆರು ರಂಧ್ರಗಳಾಚೆ, ಬಾಲದ ಕಡೆಗೆ, ಯಾವಾಗಲೂ ತೆರೆದೇ ಇರುವ ಇನ್ನೂ ಕೆಲವು ರಂಧ್ರಗಳಿವೆ. ಅತ್ಯಂತ ಕೆಳಗಿನ ಸ್ವರ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು ಅವು. ಅವುಗಳ ಆಚೆಗಿನ ಬಿದಿರು ದನಿಯ ಬಣ್ಣಕ್ಕೆ ಅಷ್ಟಿಷ್ಟು ಸಹಾಯ ಮಾಡುತ್ತದೆ, ಉಳಿದಂತೆ ಕುಚ್ಚು ಕಟ್ಟುವುದಕ್ಕೆ ಬರುತ್ತದೆ. ಊದುವ ರಂಧ್ರದ ಪಕ್ಕದಲ್ಲೇ ಒಳಗೆ ಬೆಂಡಿನ ಬಿರಡೆಯಿದ್ದು ನಳಿಗೆಯನ್ನು ಮುಚ್ಚಿರುತ್ತದೆ. ನಳಿಗೆಯ ಒಳಗೋಡೆಗೆ ಕೆಂಪು ಮೆರುಗೆಣ್ಣೆ ಬಳಿದಿದ್ದಾರೆ. ನಡುವೆ ಒಂದು ಹಿತ್ತಾಳೆಯ ಕೀಲು ಇದೆ. ಬಿದಿರು ಒಂದೇ ತುಂಡಾಗಿದ್ದ ಕಾಲದಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟೂ ಬದಲಾಯಿಸಲು ಬರುತ್ತಿರಲಿಲ್ಲ. 1920ರ ದಶಕದಲ್ಲಿ ಝೆಂಗ್ ಜಿನ್‌ವೆನ್ ಎಂಬ ಸಂಗೀತಗಾರರು ಕೊಳಲನ್ನು ಎರಡು ತುಂಡು ಮಾಡಿ ಲೋಹದ ಕೀಲು ಕೂರಿಸುವ ಉಪಾಯ ಕಂಡುಕೊಂಡರು. ಇತರ ವಾದ್ಯಗಳ ಜೊತೆ ಕೂತು ನುಡಿಸುವವರಿಗೆ ಇದು ದೊಡ್ಡ ಉಪಕಾರ. ಕೀಲನ್ನು ಹೊರಕ್ಕೆ ಎಳೆದರೆ ಶ್ರುತಿ ಇಳಿಯುತ್ತದೆ. ಒಳಕ್ಕೆ ಪೂರ್ತಿ ಒತ್ತಿದಾಗಿನ ಶ್ರುತಿಗಿಂತ ಮೇಲಕ್ಕೆ ಹೋಗಲು ದಾರಿಯಿಲ್ಲವಾದ್ದರಿಂದ, ಅಂಗಡಿಯಲ್ಲಿ ಪರೀಕ್ಷಿಸುವಾಗ ಕೀಲು ಪೂರ್ತಿ ಒಳಗಿರುವ ಸ್ಥಿತಿಯಲ್ಲಿ ಕೊಳಲು ಒಂದಿಷ್ಟು ಏರಾಗಿಯೇ ನುಡಿಯುತ್ತದೆಯೇ ಎಂದು ನೋಡಿಕೊಳ್ಳಬೇಕು.

ಬಾನ್ಸುರಿ ಕಲಿತವರಿಗೆ ಒಂದು ಸಂತೋಷದ ಸಂಗತಿಯಿದೆ. ಎಡಗೈಯ ಮೂರು ರಂಧ್ರಗಳನ್ನು ಮುಚ್ಚಿದರೆ ಷಡ್ಜ, ಆರನ್ನೂ ಮುಚ್ಚಿದರೆ ಮಂದ್ರ ಪಂಚಮ, ಒಂದನ್ನು ಮಾತ್ರ ಮುಚ್ಚಿದರೆ ಗಾಂಧಾರ, ಎಲ್ಲವನ್ನೂ ತೆರೆದರೆ ತೀವ್ರ ಮಧ್ಯಮ, ಮೊದಲನೆಯದನ್ನು ಅರ್ಧ ಮುಚ್ಚಿದರೆ ಶುದ್ಧ ಮಧ್ಯಮ: ಹಿಂದೂಸ್ತಾನಿ ಕೊಳಲಿನ ಈ ಬೆರಳುವರಸೆ ದೀಜಿಯಲ್ಲೂ ಹಾಗೆಯೇ ನಡೆಯುತ್ತದೆ. ಕೊಳಲಿನ ಮೇಲೆ ಕೊರೆದ ಡಿ ಎಂಬ ಅಕ್ಷರ ಸೂಚಿಸುವುದೂ ಮೂರು ರಂಧ್ರ ಮುಚ್ಚಿದಾಗ ಬರುವ ಸ್ವರವನ್ನೇ, ಆದ್ದರಿಂದ ಲೆಕ್ಕ ತಲೆಕೆಳಗಾಗುವುದಿಲ್ಲ. ಎಂಟು ರಂಧ್ರಗಳ ಕರ್ನಾಟಕ ಸಂಗೀತದ ವೇಣುವಿನಲ್ಲಿ ಎರಡು ಬೆರಳಿಗೆ ಷಡ್ಜ ಹಿಡಿಯುವವರು ಮಾತ್ರ ಹೊಸದಾಗಿ ರೂಢಿಸಿಕೊಳ್ಳಬೇಕಾಗುತ್ತದೆ. ಆದರೆ ಸ್ಥಾಯಿಯ ವಿಷಯದಲ್ಲಿ ಬಾನ್ಸುರಿಯವರೂ ಸಿದ್ಧರಾಗಿರಬೇಕು. ಈ ಕೊಳಲಿನ ಮಂದ್ರ ಪಂಚಮವೇ 440 ಕಂಪನದ ಎ ಸ್ವರ. ಕಛೇರಿಯಲ್ಲಿ ಕೇಳುವ ದಪ್ಪ ಬಾನ್ಸುರಿಗಿಂತ ಇದು ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲೆ ನಿಂತಿದೆ. ಅಲ್ಲಿಂದ ಮೇಲಕ್ಕೆ ಸುಮಾರು ಎರಡೂವರೆ ಸ್ಥಾಯಿಗಳ ವ್ಯಾಪ್ತಿ ಸಿಗುತ್ತದೆ.

ಇನ್ನು ಪೊರೆ. ನೀರಿನ ಬದಿಯ ಜೊಂಡನ್ನು ಬೇಸಿಗೆಯ ಆರಂಭದಲ್ಲಿ ಕಡಿದು, ದಂಟಿನ ಒಳಮೈಗೆ ಅಂಟಿಕೊಂಡಿರುವ ಪದರವನ್ನು ನಳಿಗೆಯಾಕಾರದಲ್ಲೇ ಹರಿಯದಂತೆ ಬಿಡಿಸಿ ಒಣಗಿಸುತ್ತಾರೆ. ಇದಕ್ಕೆ ದೀಮೋ ಎನ್ನುತ್ತಾರೆ. ಸಣ್ಣ ಕಾಗದದ ಲಕೋಟೆಗಳಲ್ಲಿ ಹತ್ತಿಪ್ಪತ್ತು ಯುವಾನ್‌ಗೆ ಸಿಗುವ ಈ ಪೊರೆಗಳ ಗುಣದಲ್ಲಿರುವಷ್ಟು ವ್ಯತ್ಯಾಸ ಕೊಳಲುಗಳಲ್ಲೂ ಇರಲಾರದು. ಒಳ್ಳೆಯ ಪೊರೆ ಬೆಳಕಿಗೆ ಹಿಡಿದರೆ ಒಂದೇ ಸಮನೆ ತೆಳ್ಳಗಿದ್ದು ಮಾಸಲು ಬಿಳಿಯಾಗಿ ಕಾಣುತ್ತದೆ, ಬೆರಳಲ್ಲಿ ಉಜ್ಜಿದರೆ ಮೆದುವಾಗಿ ಮಡಿಯುತ್ತದೆ. ಹಳತಾದದ್ದು ಹಳದಿಗಟ್ಟಿ ಚರಚರ ಎಂದು ಹರಿಯುತ್ತದೆ.

ಅಂಟಿಸುವ ಕ್ರಮವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಕೊಳಲಿನೊಂದಿಗೆ ಕೊಟ್ಟ ಮಡಿಕೆ ಕಾಗದದಲ್ಲಿ ಇದಕ್ಕೆ ಮೀಸಲಾದದ್ದು ಎರಡು ಚಿತ್ರ ಮಾತ್ರ. ನಳಿಗೆಯಾಕಾರದ ಪೊರೆಯಿಂದ ರಂಧ್ರಕ್ಕಿಂತ ಎಲ್ಲ ಕಡೆಯೂ ಸ್ವಲ್ಪ ದೊಡ್ಡದಾದ ತುಂಡನ್ನು ಕತ್ತರಿಸಿ, ಉದ್ದಕ್ಕೆ ಸೀಳಿ ಬಿಡಿಸಬೇಕು. ರಂಧ್ರದ ಸುತ್ತ ಬಿದಿರಿನ ಮೇಲೆ ಅಂಟನ್ನು ತೀರಾ ತೆಳ್ಳಗೆ ಬಳಿಯಬೇಕು. ರಂಧ್ರದ ಅಂಚಿನೊಳಗೆ ಅಂಟು ಇಳಿದರೆ ಪೊರೆಯ ನಡುಭಾಗ ಒದ್ದೆಯಾಗಿ, ಒಣಗಿದ ಮೇಲೆ ಬಿರುಸಾಗುತ್ತದೆ. ಆಮೇಲೆ ಪೊರೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಅದರಲ್ಲಿ ಸೂಕ್ಷ್ಮವಾದ ನೆರಿಗೆಗಳನ್ನು ಮೂಡಿಸಿ, ಆ ನೆರಿಗೆಗಳು ಕೊಳಲಿನ ಉದ್ದಕ್ಕೆ ಅಡ್ಡವಾಗಿ ಬರುವಂತೆ ರಂಧ್ರದ ಮೇಲಿಟ್ಟು, ಎರಡೂ ಬದಿಗಳಿಂದ ಹದವಾಗಿ ಎಳೆಯುತ್ತ ಊದಿ ನೋಡಬೇಕು. ತೀರಾ ಬಿಗಿಯಾದರೆ ಕೆಳಗಿನ ಸ್ವರಗಳು ಉಸಿರುಗಟ್ಟಿದಂತೆ ಮಂಕಾಗುತ್ತವೆ, ಝೇಂಕಾರ ಮಾಯವಾಗುತ್ತದೆ. ತೀರಾ ಸಡಿಲವಾದರೆ ದನಿಯಲ್ಲಿ ಮರಳು ಬೆರೆತಂತಾಗಿ ಮೇಲಿನ ಸ್ವರಗಳು ಹೊರಡುವುದೇ ಇಲ್ಲ. ಈ ಎರಡರ ನಡುವೆ ಒಂದು ಸಣ್ಣ ಜಾಗವಿದೆ. ಅಲ್ಲಿಗೆ ಬಂದಾಗ ಕೊಳಲು ತಟ್ಟನೆ ಬಾಯಿ ಬಿಟ್ಟಂತೆ ನುಡಿಯುತ್ತದೆ, ಅದನ್ನು ಕಿವಿ ಬೇರೆಯವರ ಸಹಾಯವಿಲ್ಲದೆ ಗುರುತಿಸುತ್ತದೆ.

ಅಂಟಿನ ವಿಷಯದಲ್ಲಿ ಸಸ್ಯಾಹಾರಿ ಓದುಗರಿಗೊಂದು ಸೂಚನೆ. ಸಾಂಪ್ರದಾಯಿಕವಾಗಿ ಬಳಸುವುದು ಎಜಿಯಾವೋ ಎಂಬ, ಕತ್ತೆಯ ತೊಗಲನ್ನು ಕುದಿಸಿ ತೆಗೆದ ಗೋಂದಿನಂಥ ಪದಾರ್ಥ. ಶಾಂಡೋಂಗ್ ಪ್ರಾಂತ್ಯದ ಡೋಂಗ್‌ಎ ಊರಿನ ಹೆಸರನ್ನು ಹೊತ್ತ ಇದನ್ನು ಚೀನೀಯರು ಔಷಧವಾಗಿಯೂ ಸೇವಿಸುತ್ತಾರೆ. ಈ ಔಷಧದ ಬೇಡಿಕೆಯೇ ಆಫ್ರಿಕಾದ ಕತ್ತೆಗಳಿಗೆ ಕುತ್ತಾಗಿ, ಆಫ್ರಿಕನ್ ಒಕ್ಕೂಟ 2024ರಲ್ಲಿ ಕತ್ತೆ ತೊಗಲಿನ ವ್ಯಾಪಾರಕ್ಕೆ ತಡೆ ಒಡ್ಡುವ ತೀರ್ಮಾನ ಮಾಡಿತು. ಕೊಳಲಿಗೆ ಬೇಕಾದದ್ದು ಅದರ ಒಂದು ಸಣ್ಣ ತುಂಡು ಅಷ್ಟೆ. ಬೆರಳ ತುದಿಯನ್ನು ನೀರಲ್ಲಿ ಅದ್ದಿ ಅದರ ಮೇಲೆ ಉಜ್ಜಿದರೆ ಅಂಟಾಗುತ್ತದೆ. ಬೇಡವೆನ್ನುವವರಿಗೆ ಬೆಳ್ಳುಳ್ಳಿಯ ರಸವಿದೆ, ಬೈಜಿ ಎಂಬ ಗೆಡ್ಡೆಯ ಅಂಟಿದೆ. ನಾನು ಬೆಳ್ಳುಳ್ಳಿಯನ್ನೇ ಬಳಸುತ್ತಿದ್ದೇನೆ. ಹಸಿ ಎಸಳನ್ನು ಅಡ್ಡ ಕೊಯ್ದು ಆ ಮುಖವನ್ನೇ ಬಿದಿರಿಗೆ ಉಜ್ಜಿದರೆ ಸಾಕು. ಮೂಗಿನ ಕೆಳಗೇ ಒಂದಷ್ಟು ಹೊತ್ತು ಒಗ್ಗರಣೆಯ ವಾಸನೆ ಇರುತ್ತದೆಂಬುದು ಇದರ ಏಕೈಕ ತೊಂದರೆ. ಪೇಟೆಯಲ್ಲಿ ಸಿಗುವ, ನೀರಿಗೆ ಬಿಡದ ಗಟ್ಟಿ ಅಂಟುಗಳನ್ನು ಮಾತ್ರ ಮುಟ್ಟಬಾರದು. ಪೊರೆಯನ್ನು ಮತ್ತೆ ಮತ್ತೆ ತೆಗೆದು ಹಾಕಬೇಕಾಗುತ್ತದೆ, ಪ್ರತಿ ಸಲವೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಿದಿರು ಸ್ವಚ್ಛವಾಗುವಂತಿರಬೇಕು.

ಈ ಪೊರೆ ಮಾಡುವ ಕೆಲಸವಾದರೂ ಏನು? ನಳಿಗೆಯೊಳಗಿನ ಗಾಳಿಯ ಒತ್ತಡ ಏರಿಳಿದಾಗ ಪೊರೆಯೂ ಒಳಹೊರಗೆ ಅದುರುತ್ತದೆ. ಅದು ತೀರಾ ಹಗುರವಾಗಿರುವುದರಿಂದ ಮತ್ತು ನೆರಿಗೆಗಳ ಕಾರಣದಿಂದ ಅದರ ಅದುರುವಿಕೆ ಒತ್ತಡಕ್ಕೆ ಸರಿಸಮನಾದ ಪ್ರಮಾಣದಲ್ಲಿ ನಡೆಯುವುದಿಲ್ಲ. ಹಾಗೆ ನಡೆಯದಿರುವುದರಿಂದಲೇ ಮೂಲಸ್ವರದ ಶಕ್ತಿಯ ಒಂದಂಶ ಮೇಲಿನ ಉಪಸ್ವರಗಳಿಗೆ ಹಂಚಿಹೋಗುತ್ತದೆ. ಬರಿಯ ಬಿದಿರ ನಳಿಗೆಯಲ್ಲಿ ಕ್ಷೀಣವಾಗಿರುವ ಆ ಉಪಸ್ವರಗಳು ಇಲ್ಲಿ ಎದ್ದು ಕೇಳುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ಜೀವಾಳದ ದಾರವನ್ನು ಸರಿಸಿದಾಗ ಮಂಕಾಗಿದ್ದ ತಂತಿ ಹೇಗೆ ಒಮ್ಮೆಗೇ ಅರಳಿಕೊಳ್ಳುತ್ತದೆಯೋ, ಪೊರೆ ಹದಕ್ಕೆ ಬಂದಾಗ ಕೊಳಲಿನಲ್ಲೂ ಅದೇ ಆಗುತ್ತದೆ. ದಾರವನ್ನು ಕೂದಲೆಳೆಯಷ್ಟು ಸರಿಸಿ ಹದ ಹಿಡಿಯುವ ತಾಳ್ಮೆ ಇದ್ದವರಿಗೆ ಪೊರೆಯ ಕೆಲಸ ಬೇಸರ ತರಿಸಲಾರದು. ಒಂದು ಮುಖ್ಯ ವ್ಯತ್ಯಾಸವೆಂದರೆ ಇಲ್ಲಿ ಉಸಿರಿನ ಬಲ ಹೆಚ್ಚಿದಂತೆ ಝೇಂಕಾರವೂ ಹೆಚ್ಚುತ್ತದೆ. ಮೆಲ್ಲಗೆ ಊದಿದಾಗ ತೆಳುವಾಗಿ, ಒತ್ತಿ ಊದಿದಾಗ ಲೋಹದ ಅಂಚು ಬಂದಂತೆ ಕೇಳುವ ಈ ಏರಿಳಿತವನ್ನು ನುಡಿಸುವವರು ಒಂದೇ ಸ್ವರದೊಳಗೆ ಬೇಕಾದಂತೆ ಬಳಸಿಕೊಳ್ಳಬಹುದು.

ಪರೀಕ್ಷೆಗೆಂದು ಪೊರೆಯ ರಂಧ್ರವನ್ನು ಅಂಟುಪಟ್ಟಿಯಿಂದ ಮುಚ್ಚಿ ಊದಿದೆ. ಆಗ ಕೇಳಿದ್ದು ಒಂದು ಒಳ್ಳೆಯ, ಸೌಮ್ಯವಾದ, ಯಾವ ದೇಶದ್ದೆಂದು ಹೇಳಲಾಗದ ಕೊಳಲು. ಪೊರೆ ಹಾಕಿದ ಮೇಲೆ ಅದೇ ಬಿದಿರು ಬೇರೆಯೇ ವ್ಯಕ್ತಿತ್ವ ತಾಳಿತು. ಮಂದ್ರ ಪಂಚಮದಿಂದ ಷಡ್ಜದವರೆಗಿನ ಸ್ವರಗಳಲ್ಲಿ ಝೇಂಕಾರ ತುಸು ಒರಟಾಗಿ, ಉಸಿರಿನ ಸದ್ದಿನೊಂದಿಗೆ ಕಲೆತು ಬರುತ್ತದೆ; ಈ ಭಾಗವನ್ನು ನಾನು ಬಹಳ ಮೆಚ್ಚಿದೆ, ಒಂಟಿಯಾಗಿ ನುಡಿಸುವಾಗ ಇದರಷ್ಟು ಆಪ್ತವಾದ ದನಿ ಈ ವಾದ್ಯದಲ್ಲಿ ಬೇರೆ ಇಲ್ಲ. ಅದರ ಮೇಲಿನ ಸ್ಥಾಯಿ ದೀಜಿಯ ನಿಜವಾದ ಮನೆ. ಅಲ್ಲಿ ದನಿ ಉರುಟಾಗಿದ್ದು, ಪಕ್ಕದ ಕೋಣೆಯಲ್ಲೂ ಅಕ್ಷರ ಅಕ್ಷರವಾಗಿ ಕೇಳುವಷ್ಟು ದೂರ ಸಾಗುತ್ತದೆ. ಮೂರನೆಯ ಸ್ಥಾಯಿಯ ಆರಂಭದ ಸ್ವರಗಳು ತುಟಿಯ ಬಿಗಿ ಚೆನ್ನಾಗಿದ್ದರೆ ಬರುತ್ತವೆ, ಆದರೆ ಈ ದರ್ಜೆಯ ಕೊಳಲಿನಲ್ಲಿ ಅವು ಒತ್ತಾಯಕ್ಕೆ ಬಂದಂತೆ ಕೇಳುತ್ತವೆ. ಅಂಗಡಿಯವರು ಕಪಾಟಿನಿಂದ ತೆಗೆದು ಕೊಟ್ಟ ದುಬಾರಿ ಕೊಳಲಿನಲ್ಲಿ ಅವೇ ಸ್ವರಗಳು ಅರ್ಧ ಉಸಿರಿಗೆ ಹೊರಟವು. ಬೆಲೆಯ ವ್ಯತ್ಯಾಸ ನಿಜವಾಗಿ ಕಿವಿಗೆ ಬೀಳುವುದು ಇಲ್ಲಿ. ಕೆಳಗಿನ ಎರಡು ಸ್ಥಾಯಿಗಳಲ್ಲಿ ಎರಡನ್ನೂ ಕಣ್ಣು ಮುಚ್ಚಿ ಕೇಳಿಸಿದರೆ ಗುರುತಿಸುವುದು ಸುಲಭವಾಗಿರಲಿಲ್ಲ.

ಡಿ ಶ್ರುತಿಯ ಈ ಮಾದರಿಗೆ ಚ್ಯೂದಿ ಎಂದು ಹೆಸರು. ದಕ್ಷಿಣದ, ಎಂದರೆ ಯಾಂಗ್‌ಟ್ಸೆ ನದಿಯ ಕೆಳಪಾತ್ರದ ಸುತ್ತಲಿನ ಸಂಗೀತಕ್ಕೆ ಸೇರಿದ್ದು. ಸೂಝೌ ಪಕ್ಕದ ಕುನ್‌ಶಾನ್‌ನಲ್ಲಿ ಹುಟ್ಟಿ, ಯುನೆಸ್ಕೊ 2001ರಲ್ಲಿ ಮಾನವಕುಲದ ಶ್ರೇಷ್ಠ ಪರಂಪರೆಗಳಲ್ಲಿ ಒಂದೆಂದು ಘೋಷಿಸಿದ ಕುನ್‌ಚ್ಯೂ ರಂಗಸಂಗೀತದಲ್ಲಿ ಗಾಯಕರಿಗೆ ನೆರಳಿನಂತೆ ಜೊತೆ ನೀಡುವುದು ಈ ಕೊಳಲು. ಹಾಡುವವರ ದನಿ ಎಲ್ಲಿ ಮುಗಿಯಿತು, ಕೊಳಲು ಎಲ್ಲಿ ಹಿಡಿದುಕೊಂಡಿತು ಎಂಬುದು ತಿಳಿಯದಂತೆ ಸಾಗುವ ಆ ಸಂಗೀತವನ್ನು ರಂಗಮಂದಿರದಲ್ಲಿ ಒಮ್ಮೆ ಕೇಳಿದರೆ, ಪೊರೆಯ ಝೇಂಕಾರ ಗಾಯನಕ್ಕೆ ಎಷ್ಟು ಹತ್ತಿರದ್ದೆಂದು ಅರಿವಾಗುತ್ತದೆ. ರೇಷ್ಮೆ ತಂತಿ ಮತ್ತು ಬಿದಿರಿನ ವಾದ್ಯಗಳು ಕೂಡಿ ನುಡಿಸುವ ಜಿಯಾಂಗ್‌ನಾನ್ ಸಿಝು ಗೋಷ್ಠಿಗಳಲ್ಲೂ ಚ್ಯೂದಿಯೇ ಮುಂದಾಳು. ಶಾಂಘೈಯಲ್ಲಿ ಇಂಥ ಗೋಷ್ಠಿಗಳು ಚಹಾಗೃಹಗಳಲ್ಲಿ ನಡೆದುಬಂದಿವೆ. ಹಿರಿಯರು ಚಹಾ ಕುಡಿಯುತ್ತ, ನಡುನಡುವೆ ಮಾತಾಡುತ್ತ, ಹಾಡಿಂದ ಹಾಡಿಗೆ ಕೊಳಲನ್ನು ಕೈಯಿಂದ ಕೈಗೆ ದಾಟಿಸುವುದುಂಟು.

ಉತ್ತರದ್ದು ಬಾಂಗ್‌ದಿ. ಅದು ಗಿಡ್ಡ, ತೆಳ್ಳಗೆ, ಸಾಮಾನ್ಯವಾಗಿ ಎಫ್, ಜಿ ಅಥವಾ ಎ ಶ್ರುತಿಯದು. ಮರದ ಕೊರಡಿನ ತಾಳಕ್ಕೆ ಗಂಟಲೆತ್ತಿ ಹಾಡುವ ಬಾಂಗ್‌ಝಿ ನಾಟಕಗಳ ಜೊತೆಗಾರ. ಹೆಬೈ ಪ್ರಾಂತ್ಯದ ಫೆಂಗ್ ಝಿತ್ಸುನ್ ಅವರು 1953ರಲ್ಲಿ ಬೀಜಿಂಗ್‌ನಲ್ಲಿ ನಡೆದ ರಾಷ್ಟ್ರೀಯ ಜನಪದ ಸಂಗೀತ ಪ್ರದರ್ಶನದಲ್ಲಿ ದೀಜಿಯನ್ನು ಒಂಟಿಯಾಗಿ ನುಡಿಸಿದ ಮೇಲೆ, ಅಲ್ಲಿಯವರೆಗೆ ಪಕ್ಕವಾದ್ಯವಾಗಿದ್ದ ಈ ಕೊಳಲು ವೇದಿಕೆಯ ಮುಂಭಾಗಕ್ಕೆ ಬಂದಿತು. ಶಾಂಘೈಯ ಲು ಚುನ್‌ಲಿಂಗ್ ದಕ್ಷಿಣದ ಶೈಲಿಯನ್ನೂ, ಝೆಜಿಯಾಂಗ್‌ನ ಝಾವೋ ಸೋಂಗ್‌ಟಿಂಗ್ ಎರಡನ್ನೂ ಬೆಸೆದ ಶೈಲಿಯನ್ನೂ ಅದೇ ತಲೆಮಾರಿನಲ್ಲಿ ಕಟ್ಟಿದರು. ದಕ್ಷಿಣದವರ ಅಲಂಕಾರಗಳು ಬೆರಳಿನವು: ಕಂಪಿಸುವುದು, ಮೇಲಿನ ಸ್ವರವನ್ನು ಕ್ಷಣಮಾತ್ರ ತಾಗಿ ಮರಳುವುದು, ಸ್ವರದ ಬಾಲಕ್ಕೆ ಇನ್ನೊಂದು ಸ್ವರದ ಎಳೆ ಸೇರಿಸುವುದು, ಬೆರಳಿನಿಂದ ಲಘುವಾಗಿ ಬಡಿಯುವುದು. ಉತ್ತರದವರದು ನಾಲಿಗೆಯ ಬಲ: ತುತ್ತುತ್ತು ಎಂದು ಕಡಿದು ಊದುವುದು, ನಾಲಿಗೆಯನ್ನು ರ್ರ್ರ್ ಎಂದು ಹೊರಳಿಸುತ್ತ ಊದುವುದು, ಜೊತೆಗೆ ಮೇಲಿಂದ ಕೆಳಕ್ಕೆ ಜಾರುವ ಸ್ವರಗಳು. ನಾನು ಕೊಂಡ ಕೊಳಲು ಮೊದಲನೆಯ ಬಗೆಯ ಕೆಲಸಕ್ಕೆ ಚುರುಕಾಗಿ ಒದಗುತ್ತದೆ, ಎರಡನೆಯದಕ್ಕೆ ಸ್ವಲ್ಪ ಭಾರವೆನಿಸುತ್ತದೆ. ಇದನ್ನು ಕೊರತೆಯೆಂದು ಲೆಕ್ಕಿಸುವುದು ನ್ಯಾಯವಲ್ಲ. ಕುಣಿಯುವ ಉತ್ತರದ ಹಾಡುಗಳೇ ಬೇಕೆಂದರೆ ಆರಂಭದಲ್ಲೇ ಜಿ ಶ್ರುತಿಯ ಬಾಂಗ್‌ದಿ ಕೊಳ್ಳುವುದು ಸರಿ.

ನಮ್ಮ ರಾಗಗಳನ್ನು ಇದರಲ್ಲಿ ನುಡಿಸಬಹುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಐದು ಸ್ವರಗಳ ರಾಗಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಭೂಪಾಲಿಯೋ ಮೋಹನವೋ ಆದರೆ ಈ ಕೊಳಲು ಅಪರಿಚಿತವೆನ್ನಿಸುವುದಿಲ್ಲ, ಬದಲಿಗೆ ಪಕ್ಕದಲ್ಲಿದ್ದ ಚೀನೀ ಗೆಳೆಯರಿಗೆ ಅದು ತಮ್ಮ ಕಡೆಯ ಹಾಡಿನಂತೆಯೇ ಕೇಳಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮಾತ್ರ ಕಷ್ಟ. ರಂಧ್ರಗಳು ಬಾನ್ಸುರಿಯವಕ್ಕಿಂತ ಚಿಕ್ಕವಾದ್ದರಿಂದ ಬೆರಳನ್ನು ಜಾರಿಸುವ ಹಾದಿ ಚಿಕ್ಕದು, ಅರ್ಧ ಮುಚ್ಚಿ ತೆಗೆಯುವ ಕೋಮಲ ಸ್ವರಗಳಲ್ಲಿ ಪೊರೆಯ ಪ್ರತಿಕ್ರಿಯೆ ಒಂದೊಂದಕ್ಕೆ ಒಂದೊಂದು ತೆರನಾಗಿರುತ್ತದೆ. ಕೋಮಲ ಗಾಂಧಾರ ಮಂಕಾಗಿ, ಅದರ ಮೇಲಿನ ತೀವ್ರ ಮಧ್ಯಮ ಝಗ್ಗೆಂದು ಹೊಳೆದರೆ ತೋಡಿಯಂಥ ರಾಗದ ಗತಿ ಏನಾಗಬೇಡ! ವಿಲಂಬಿತ ಆಲಾಪಕ್ಕೆ ಇದನ್ನು ಯಾರೂ ಆರಿಸಿಕೊಳ್ಳದಿರುವುದೇ ಒಳ್ಳೆಯದು.

ಶ್ರುತಿಶುದ್ಧಿಯ ಬಗ್ಗೆ ಎರಡು ಮಾತು. ಹಳೆಯ ದೀಜಿಗಳಲ್ಲಿ ಆರೂ ರಂಧ್ರಗಳ ನಡುವೆ ಸಮಾನ ಅಂತರವಿರುತ್ತಿತ್ತು. ಒಂದೇ ಕೊಳಲಿನಲ್ಲಿ ಹಲವು ಸ್ವರಗಳನ್ನು ಷಡ್ಜವಾಗಿಟ್ಟುಕೊಳ್ಳಲು ಅದು ಅನುಕೂಲವಾಗಿತ್ತು, ಪಿಯಾನೊ ಮನೆಗಳಿಗೆ ಮಾತ್ರ ಹೊಂದುತ್ತಿರಲಿಲ್ಲ. ಈಗಿನವು ಹನ್ನೆರಡು ಸಮಭಾಗದ ಸ್ವರಕ್ರಮಕ್ಕೆ ತಕ್ಕಂತೆ ಕೊರೆದವು. ಫೋನಿನ ಶ್ರುತಿಮಾಪಕಕ್ಕೆ ಹಿಡಿದಾಗ ನನ್ನ ಕೊಳಲಿನ ಮಂದ್ರ ಮತ್ತು ಮಧ್ಯ ಸ್ಥಾಯಿಗಳು ನಿಷಾದವೊಂದನ್ನು ಬಿಟ್ಟರೆ ತೃಪ್ತಿಕರವಾಗಿದ್ದವು. ನಿಷಾದ ತುಸು ಏರು. ತುಟಿಯನ್ನು ರಂಧ್ರದ ಮೇಲೆ ಸ್ವಲ್ಪ ಹೊರಳಿಸಿದರೆ ಸರಿಹೋಗುತ್ತದೆ. ಪೊರೆ ಬದಲಾಯಿಸಿದಾಗಲೆಲ್ಲ ಇಡೀ ಕೊಳಲಿನ ಶ್ರುತಿ ಎಳೆಯಷ್ಟು ಅತ್ತಿತ್ತ ಆಗುತ್ತದೆಂಬುದನ್ನೂ ನೆನಪಿಡಬೇಕು, ಆದ್ದರಿಂದ ಮೊದಲು ಪೊರೆ, ಆಮೇಲೆ ಕೀಲು.

ಹವೆಯೊಂದಿಗೆ ಈ ವಾದ್ಯದ ಜಗಳ ನಿತ್ಯದ್ದು. ಶಾಂಘೈಯಲ್ಲಿ ಜೂನ್ ನಡುವಿನಿಂದ ಜುಲೈವರೆಗೆ ಜಿಟಿಜಿಟಿ ಮಳೆಯ ಕಾಲ. ಗೋಡೆಗಳೂ ಬೆವರುವ ಆ ದಿನಗಳಲ್ಲಿ ಬೆಳಿಗ್ಗೆ ಹದವಾಗಿದ್ದ ಪೊರೆ ಸಂಜೆಗೆ ಜೋತುಬೀಳುತ್ತದೆ. ಚಳಿಗಾಲದಲ್ಲಿ ಬಿಸಿಗಾಳಿಯ ಯಂತ್ರ ಹಾಕಿದ ಕೋಣೆಯಲ್ಲಿ ಪೊರೆ ಬಿಗಿದುಕೊಳ್ಳುತ್ತದೆ, ಅದಕ್ಕಿಂತ ಭಯದ ಸಂಗತಿಯೆಂದರೆ ಬಿದಿರೇ ಸೀಳಬಹುದು. ಮೈಗೆ ಸುತ್ತಿದ ದಾರದ ಪಟ್ಟಿಗಳು ಅಲಂಕಾರದ ಜೊತೆಗೆ ಈ ಸೀಳನ್ನು ತಡೆಯಲಿಕ್ಕೂ ಇವೆ. ಊರಿಗೆ ಒಯ್ಯುವವರು ಬೆಂಗಳೂರಿನ ಫೆಬ್ರುವರಿ, ಮಾರ್ಚ್‌ನ ಒಣಹವೆಯಲ್ಲೂ ಬಯಲುಸೀಮೆಯ ಬೇಸಿಗೆಯಲ್ಲೂ ಕೊಳಲನ್ನು ಚೀಲದಿಂದ ಹೊರಗಿಟ್ಟು ಮರೆಯಬಾರದು. ಕರಾವಳಿಯವರಿಗೆ ಸೀಳಿನ ಭಯ ಕಡಿಮೆ, ಸಡಿಲ ಪೊರೆಯ ಕಾಟ ಹೆಚ್ಚು. ಪೊರೆಯ ಮೇಲೆ ಮುಚ್ಚುವ ಸಣ್ಣ ಕವಚವೊಂದು ಪ್ರತ್ಯೇಕವಾಗಿ ಸಿಗುತ್ತದೆ, ಚೀಲದಲ್ಲಿ ಕೊಳಲು ಇಡುವವರು ಮರೆಯದೆ ಕೊಳ್ಳಬೇಕಾದ ವಸ್ತು ಅದು.

ಇನ್ನು ಕೊರತೆಗಳು. ಕೊಳಲಿನೊಂದಿಗೆ ಉಚಿತವೆಂದು ಕೊಟ್ಟ ಪೊರೆಯ ಲಕೋಟೆ ನಿರುಪಯೋಗಿಯಾಗಿತ್ತು. ಹಳದಿಗಟ್ಟಿ, ಬಿಡಿಸುವ ಮೊದಲೇ ಸೀಳುತ್ತಿದ್ದ ಆ ಪೊರೆಗಳನ್ನೇ ನಂಬಿ ಕೂತ ಹೊಸಬರು ಕೊಳಲೇ ಕೆಟ್ಟದ್ದೆಂದು ತೀರ್ಮಾನಿಸಿ ಮೂಲೆಗಿಟ್ಟರೆ ಆಶ್ಚರ್ಯವಿಲ್ಲ. ಇಷ್ಟು ಬೆಲೆಯ ವಾದ್ಯದ ಜೊತೆ ಹತ್ತು ಯುವಾನ್‌ನ ಒಳ್ಳೆಯ ಲಕೋಟೆ ಇಡಲಾಗದ ಜಿಪುಣತನ ನನಗಂತೂ ಅರ್ಥವಾಗಲಿಲ್ಲ. ಎರಡನೆಯದು ಕೀಲು. ಕೆಲವು ವಾರಗಳ ಬಳಕೆಯಲ್ಲೇ ಅದು ಸಡಿಲವಾಗಿ, ಕೊಳಲನ್ನು ಎತ್ತಿ ಹಿಡಿದಾಗ ಬಾಲದ ತುಂಡು ತಾನಾಗಿ ತಿರುಗತೊಡಗಿತು. ಮತ್ತೆ ಅಂಗಡಿಗೆ ಒಯ್ದಾಗ ಕೌಂಟರಿನಲ್ಲಿದ್ದವರು ಮೊದಲು ಹವೆಯ ಮೇಲೆ ಹೊರಿಸಿದರು, ಆಮೇಲೆ ಒಳಗಿನ ಕೋಣೆಯಿಂದ ಬಂದ ವಯಸ್ಸಾದ ಕುಶಲಕರ್ಮಿಯೊಬ್ಬರು ಮಾತಿಲ್ಲದೆ ಕೀಲನ್ನು ಒರೆಸಿ, ಮೇಣ ಹಚ್ಚಿದ ತೆಳು ದಾರವನ್ನು ಎರಡು ಸುತ್ತು ಸುತ್ತಿ, ಒಂದು ಪೊರೆಯನ್ನೂ ಹೊಸದಾಗಿ ಕೂರಿಸಿ ಕೊಟ್ಟರು. ಅವರು ಪೊರೆ ಕೂರಿಸಿದ ರೀತಿಯನ್ನು ನೋಡಿದ್ದೇ ನನಗೆ ದೊಡ್ಡ ಪಾಠವಾಯಿತು: ಎಳೆಯುವಾಗ ಅವರ ಕಣ್ಣು ಪೊರೆಯ ಮೇಲಿರಲಿಲ್ಲ, ಒಂದೇ ಸ್ವರವನ್ನು ಮೆಲ್ಲಗೆ ಊದುತ್ತ ಹೆಬ್ಬೆರಳಿನಿಂದ ಅಂಚನ್ನು ಸರಿಸುತ್ತಿದ್ದರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಮೂರನೆಯ ಕೊರತೆ ಚೀಲದ್ದು. ಬಟ್ಟೆಯ ಆ ಚೀಲದಲ್ಲಿ ಪೊರೆಯ ಭಾಗಕ್ಕೆ ಯಾವ ರಕ್ಷಣೆಯೂ ಇಲ್ಲ, ಗಟ್ಟಿ ಪೆಟ್ಟಿಗೆಯನ್ನು ಬೇರೆಯಾಗಿ ಕೊಳ್ಳಲೇಬೇಕಾಗುತ್ತದೆ. ಕುಚ್ಚಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಕೆಂಪಗಿದೆ.

ಇದಕ್ಕಿಂತ ಅಗ್ಗದ್ದು ಕೊಂಡರೆ ಆಗದೇ ಎಂದರೆ, ನೂರು ಯುವಾನ್‌ನ ಕೊಳಲಿನಲ್ಲೂ ಒಳ್ಳೆಯ ಪೊರೆ ಕೂರಿಸಿದಾಗ ಮಧ್ಯ ಸ್ಥಾಯಿ ಚೆನ್ನಾಗಿಯೇ ನುಡಿಯಿತು. ಆದರೆ ಅದರ ಊದುವ ರಂಧ್ರದ ಅಂಚು ಮೊಂಡಾಗಿದ್ದು, ದನಿಯ ಜೊತೆ ಗಾಳಿಯ ಸದ್ದು ಹೆಚ್ಚು ಬರುತ್ತಿತ್ತು, ಸ್ಥಾಯಿಯಿಂದ ಸ್ಥಾಯಿಗೆ ಹಾರುವಾಗ ತಡವರಿಸುತ್ತಿತ್ತು. ಕೊಳ್ಳುವ ಮುನ್ನ ಊದುವ ರಂಧ್ರದ ಅಂಚನ್ನು ಉಗುರಿನಿಂದ ಸವರಿ ನೋಡಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೋಡೆ ನುಣುಪಾಗಿದೆಯೇ ಎಂದು ಇಣುಕಿ, ಪೊರೆಯ ರಂಧ್ರದ ಸುತ್ತಲಿನ ಬಿದಿರು ಸಮತಟ್ಟಾಗಿದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಒಂದಿಷ್ಟು ಉಬ್ಬುತಗ್ಗಿದ್ದರೂ ಪೊರೆಯ ಒಂದು ಮೂಲೆಯಿಂದ ಗಾಳಿ ಸೋರುತ್ತಲೇ ಇರುತ್ತದೆ, ಅಂಟನ್ನು ದೂರಿ ಪ್ರಯೋಜನವಿಲ್ಲ. ಅಂತರಜಾಲದಲ್ಲಿ ತರಿಸಿಕೊಳ್ಳುವವರಿಗೆ ಈ ಮೂರು ಪರೀಕ್ಷೆಗಳೂ ಸಾಧ್ಯವಿಲ್ಲವಾದ್ದರಿಂದ, ಮರಳಿಸುವ ಅವಕಾಶ ಇರುವ ಕಡೆಯೇ ಕೊಳ್ಳಬೇಕು.

ಬಾನ್ಸುರಿಯಲ್ಲಿ ಆಗಲೇ ಒಂದು ಮಟ್ಟಕ್ಕೆ ಬಂದು, ಬೇರೊಂದು ದನಿಯ ಹುಡುಕಾಟದಲ್ಲಿರುವವರಿಗೆ ಈ ದರ್ಜೆಯ ಡಿ ಶ್ರುತಿಯ ದೀಜಿಯನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ವಾರಕ್ಕೊಮ್ಮೆ ಕೈಗೆತ್ತಿಕೊಂಡು ಅರ್ಧ ಗಂಟೆ ಊದಿ ಇಡುವ ಯೋಚನೆ ಇದ್ದವರಿಗೆ ಮಾಡುವುದಿಲ್ಲ, ಏಕೆಂದರೆ ಆ ಅರ್ಧ ಗಂಟೆಯಲ್ಲಿ ಕಾಲು ಗಂಟೆ ಪೊರೆಗೇ ಹೋಗುತ್ತದೆ. ಅಂಥವರಿಗೆ ಅದೇ ಅಂಗಡಿಗಳಲ್ಲಿ ನೆಟ್ಟಗೆ ಹಿಡಿದು ಊದುವ, ಪೊರೆಯಿಲ್ಲದ ಶ್ಯಾವೋ ಸಿಗುತ್ತದೆ. ಅದರ ದನಿ ಶಾಂತ, ಬೆಲೆಯೂ ಹೆಚ್ಚುಕಡಿಮೆ ಇಷ್ಟೇ. ದೀಜಿಯನ್ನೇ ಕೊಳ್ಳುವವರು ಕೊಳಲಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ತೆಗೆದು ಎರಡು ಮೂರು ಬೇರೆ ಬೇರೆ ತಯಾರಕರ ಪೊರೆಗಳನ್ನು ಅದೇ ದಿನ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳುವುದು ಲೇಸು. ಒಂದು ತಯಾರಕರ ಪೊರೆ ಮಳೆಗಾಲಕ್ಕೆ ಒಗ್ಗಿದರೆ ಇನ್ನೊಬ್ಬರದು ಚಳಿಗಾಲಕ್ಕೆ ಒಗ್ಗುತ್ತದೆ.